ಗಣಿ ಕಂಪನಿಗಳು ತಮ್ಮ ಪಾಲಿನ ತೆರಿಗೆ ಕಟ್ಟುತ್ತಿವೆಯೇ? ದರದ ಮಾತಿಗಿಂತ ಮೊದಲು ಅಳತೆಯ ಮಾತು

ಹಗೇವು ಬರೆದಿದ್ದಾರೆ:

ಗಣಿ ಕಂಪನಿಗಳ ತೆರಿಗೆಯ ಬಗ್ಗೆ ಎಲ್ಲಿ ಮಾತು ಬಂದರೂ ಎರಡು ಅಂಕಿಗಳು ಎದುರುಬದುರಾಗಿ ನಿಲ್ಲುತ್ತವೆ. ಕಂಪನಿಯವರು ತಾವು ಸರ್ಕಾರಕ್ಕೆ ಕಟ್ಟಿದ ಒಟ್ಟು ಮೊತ್ತವನ್ನು ತೋರಿಸುತ್ತಾರೆ. ಟೀಕಿಸುವವರು ಮಾರಾಟದ ಮೊತ್ತಕ್ಕೆ ಹೋಲಿಸಿದರೆ ಆದಾಯ ತೆರಿಗೆ ಎಷ್ಟು ಸಣ್ಣದು ಎಂಬುದನ್ನು ತೋರಿಸುತ್ತಾರೆ. ನನಗೆ ಈ ಎರಡು ಲೆಕ್ಕಗಳೂ ಅರೆಬರೆ ಅನ್ನಿಸುತ್ತವೆ. ಕಂಪನಿ ತೋರಿಸುವ ಮೊತ್ತದಲ್ಲಿ ರಾಜಧನ (ರಾಯಲ್ಟಿ), ಆದಾಯ ತೆರಿಗೆ, ಸುಂಕಗಳ ಜೊತೆಗೆ ಎಷ್ಟೋ ಬಾರಿ ನೌಕರರ ಸಂಬಳದಲ್ಲಿ ಮುರಿದುಕೊಂಡು ಕಟ್ಟಿದ ತೆರಿಗೆಯೂ ಸೇರಿರುತ್ತದೆ. ಅದು ಕಂಪನಿಯ ಕೈಯಿಂದ ಹೋದ ಹಣವಲ್ಲ. ಟೀಕಾಕಾರರ ಲೆಕ್ಕದಲ್ಲಿ, ಆದಾಯ ತೆರಿಗೆ ಬೀಳುವುದು ಲಾಭದ ಮೇಲೆಯೇ ಹೊರತು ಮಾರಾಟದ ಮೇಲಲ್ಲ ಎಂಬ ಸಾಮಾನ್ಯ ವಿಷಯವೇ ಮರೆತುಹೋಗಿರುತ್ತದೆ.

ಗಣಿಗಾರಿಕೆ ಬೇರೆ ಉದ್ಯಮಗಳಂತಲ್ಲ. ಕೊಯ್ದ ಪೈರು ಮತ್ತೆ ಬೆಳೆಯುತ್ತದೆ, ತೆಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಅದನ್ನು ತೆಗೆಯುವವರು ಎರಡು ಬಗೆಯ ಋಣ ತೀರಿಸಬೇಕಾಗುತ್ತದೆ. ನೆಲದೊಳಗಿನ ಸಂಪತ್ತಿನ ಒಡೆತನ ಬಹುತೇಕ ದೇಶಗಳಲ್ಲಿ ಪ್ರಜೆಗಳ ಪರವಾಗಿ ಸರ್ಕಾರದ್ದಾಗಿರುವುದರಿಂದ ಆ ಒಡೆಯನಿಗೆ ಸಲ್ಲಬೇಕಾದ ಬೆಲೆ ಒಂದು, ಅದೇ ರಾಜಧನ. ಎಲ್ಲ ಉದ್ಯಮಗಳೂ ತಮ್ಮ ಗಳಿಕೆಯಲ್ಲಿ ಕೊಡುವ ಪಾಲು ಇನ್ನೊಂದು, ಅದೇ ಆದಾಯ ತೆರಿಗೆ. ಮೊದಲನೆಯದನ್ನು ಉಪಕಾರದಂತೆ ಲೆಕ್ಕಕ್ಕೆ ತೋರಿಸುವುದು, ಅಂಗಡಿಯಾತ ಸಗಟು ವ್ಯಾಪಾರಿಗೆ ಕೊಟ್ಟ ಸರಕಿನ ಹಣವನ್ನೇ ತನ್ನ ದಾನವೆಂದು ಹೇಳಿಕೊಂಡಂತೆ.

ಹಾಗೆಂದು ದರ ಏರಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಜಾಂಬಿಯಾದಲ್ಲಿ 1990ರ ದಶಕದ ಕೊನೆಯಲ್ಲಿ ಸರ್ಕಾರಿ ತಾಮ್ರದ ಗಣಿಗಳನ್ನು ಖಾಸಗಿಯವರಿಗೆ ಮಾರಿದಾಗ, ಕಾನೂನಿನಲ್ಲಿ 3 ಶೇಕಡ ರಾಜಧನವಿದ್ದರೂ ಒಪ್ಪಂದಗಳಲ್ಲಿ 0.6 ಶೇಕಡ ಎಂದು ಬರೆದುಕೊಡಲಾಯಿತು, ಮತ್ತು ಈ ದರ ಬಹಳ ವರ್ಷ ಬದಲಾಗದು ಎಂಬ ಭರವಸೆಯನ್ನೂ ಕೊಡಲಾಯಿತು. ತಾಮ್ರದ ಬೆಲೆ ನೆಲಕಚ್ಚಿದ್ದ ಆ ಕಾಲದಲ್ಲಿ ಅದು ಅನಿವಾರ್ಯವಾಗಿ ಕಂಡಿರಬಹುದು. ಆದರೆ 2006ರ ಹೊತ್ತಿಗೆ ಟನ್ ತಾಮ್ರದ ಬೆಲೆ 8,000 ಡಾಲರ್ ದಾಟಿದಾಗಲೂ ಜಾಂಬಿಯಾಕ್ಕೆ ಸಿಗುತ್ತಿದ್ದದ್ದು ಅದೇ 0.6 ಶೇಕಡ. ಇಲ್ಲಿ ಕಡಿಮೆಯಾದದ್ದು ದರವೆಂಬುದು ಎಲ್ಲರಿಗೂ ಕಾಣುತ್ತದೆ. ಆ ದರ ಯಾವ ತೂಕದ ಮೇಲೆ, ಯಾವ ಬೆಲೆಯ ಮೇಲೆ ಬೀಳುತ್ತದೆ, ಖರ್ಚೆಂದು ಏನನ್ನು ಕಳೆಯಲಾಗುತ್ತದೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ. ನನ್ನ ತಿಳುವಳಿಕೆಯಲ್ಲಿ ಹೆಚ್ಚಿನ ಹಣ ಸೋರುವುದು ಅಲ್ಲಿಂದಲೇ. ಈ ವಿಷಯದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ಜಮಾಖರ್ಚು ಬರೆದಿದ್ದಾರೆ:

ಹಗೇವು ಅವರೇ, ನೀವು ಎರಡು ಕಡೆಯವರ ಅಂಕಿಗಳನ್ನೂ ಪ್ರಶ್ನಿಸಿದ್ದು ಒಳ್ಳೆಯದಾಯಿತು. ನಾನು ಇಪ್ಪತ್ತು ವರ್ಷಗಳಿಂದ ಕಂಪನಿಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ, ಅದರಲ್ಲಿ ಕೆಲವು ವರ್ಷ ಗಣಿಗಳದ್ದನ್ನೂ ನೋಡಿದ್ದೇನೆ. ಕಂಪನಿಗಳ ಪರವಾಗಿ ಹೇಳಬೇಕಾದ ಕೆಲವು ಮಾತುಗಳಿವೆ, ಅವನ್ನು ಯಾರಾದರೂ ಹೇಳದಿದ್ದರೆ ಚರ್ಚೆ ಒಂದೇ ಕಡೆಗೆ ವಾಲುತ್ತದೆ.

ಪರಿಶೋಧನೆಗೆ ಇಳಿದ ಬಹುಪಾಲು ಪ್ರಯತ್ನಗಳು ಗಣಿಯಾಗುವುದೇ ಇಲ್ಲ. ಹತ್ತಾರು ಕಡೆ ಕೊಳವೆ ಇಳಿಸಿ ಕಲ್ಲಿನ ಮಾದರಿ ತೆಗೆದು ಬರಿಗೈಯಲ್ಲಿ ಹಿಂತಿರುಗಿದ ಖರ್ಚನ್ನೆಲ್ಲ ಸಿಕ್ಕಿದ ಒಂದು ನಿಕ್ಷೇಪವೇ ತುಂಬಿಕೊಡಬೇಕು. ನಿಕ್ಷೇಪ ಸಿಕ್ಕಿದ ಮೇಲೂ ರಸ್ತೆ, ವಿದ್ಯುತ್, ಅದಿರು ಸಂಸ್ಕರಿಸುವ ಘಟಕ ಎಂದು ಕೋಟ್ಯಂತರ ಡಾಲರ್ ಹಾಕಿ, ಮೊದಲ ಟನ್ ಮಾರುವುದಕ್ಕೆ ಹತ್ತು ವರ್ಷ ಕಾಯುವುದು ಅಪರೂಪವೇನಲ್ಲ. ಆ ಬಂಡವಾಳದ ಸವಕಳಿಯನ್ನು, ಎಂದರೆ ಯಂತ್ರ ಕಟ್ಟಡಗಳು ಸವೆದ ಲೆಕ್ಕದ ಖರ್ಚನ್ನು, ಮೊದಲ ವರ್ಷಗಳಲ್ಲಿ ಕಳೆದುಕೊಂಡಾಗ ತೆರಿಗೆ ಬೀಳುವ ಲಾಭ ಸೊನ್ನೆಯಾಗುವುದು ಸಹಜ. ಅದನ್ನು ತೆರಿಗೆಗಳ್ಳತನವೆಂದು ಕರೆಯುವವರು ಆ ಸವಕಳಿಯ ನಿಯಮವನ್ನು ಮಾಡಿದ್ದು ಸಂಸತ್ತುಗಳೇ ಎಂಬುದನ್ನು ನೆನಪಿಡಬೇಕು. ಮಾರಾಟದ ಮೇಲೆ ಬೀಳುವ ರಾಜಧನವನ್ನಂತೂ ಕಂಪನಿ ನಷ್ಟದಲ್ಲಿದ್ದರೂ ಕಟ್ಟಲೇಬೇಕು.

ಇನ್ನು ಜಾಂಬಿಯಾದ ಮಾತಿಗೆ ಬರುತ್ತೇನೆ. 2008ರಲ್ಲಿ ಸರ್ಕಾರ ಆ ಒಪ್ಪಂದಗಳನ್ನು ಬದಿಗಿಟ್ಟು ರಾಜಧನವನ್ನು 3 ಶೇಕಡಕ್ಕೆ ಏರಿಸಿತು, ಬೆಲೆ ಏರಿದಾಗ ಬೀಳುವ ವಿಶೇಷ ತೆರಿಗೆಯನ್ನೂ ತಂದಿತು. ಅದೇ ವರ್ಷದ ಕೊನೆಗೆ ತಾಮ್ರದ ಬೆಲೆ 3,000 ಡಾಲರಿನ ಆಸುಪಾಸಿಗೆ ಕುಸಿಯಿತು, 2009ರಲ್ಲಿ ಆ ವಿಶೇಷ ತೆರಿಗೆಯನ್ನು ಕೈಬಿಡಬೇಕಾಯಿತು. ಮತ್ತೆ 2015ಕ್ಕೆಂದು ಬಯಲುಗಣಿಗಳ ರಾಜಧನವನ್ನು 20 ಶೇಕಡಕ್ಕೆ ಏರಿಸಲು ಹೊರಟಾಗ, ಬ್ಯಾರಿಕ್ ಕಂಪನಿ ಲುಮ್ವಾನಾ ಗಣಿಯನ್ನು ನಿಲ್ಲಿಸುವುದಾಗಿ ಹೇಳಿತು. ಕೆಲವೇ ತಿಂಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಮೂವತ್ತು ವರ್ಷ ಬಾಳುವ ಗಣಿಗೆ ಮೂರು ವರ್ಷಕ್ಕೊಂದು ತೆರಿಗೆ ಪದ್ಧತಿ ಬಂದರೆ ಯಾರು ಬಂಡವಾಳ ಹಾಕುತ್ತಾರೆ? ನಾರ್ವೆಯಲ್ಲಿ ಎಣ್ಣೆ ಮತ್ತು ಅನಿಲದ ಕಂಪನಿಗಳು ಲಾಭದ ಮೇಲೆ 78 ಶೇಕಡ ತೆರಿಗೆ ಕಟ್ಟುತ್ತವೆ, ಆದರೂ ಅಲ್ಲಿಂದ ಕಾಲು ಕೀಳುವುದಿಲ್ಲ. ಏಕೆಂದರೆ ಅಲ್ಲಿಯ ನಿಯಮ ಗಟ್ಟಿಯಾಗಿದೆ, ಮತ್ತು ಹಾಕಿದ ಖರ್ಚಿನ ಭಾರದಲ್ಲೂ ಸರ್ಕಾರ ಪಾಲು ಹೊರುತ್ತದೆ.

ಅದಿರುಗಲ್ಲು ಬರೆದಿದ್ದಾರೆ:

ಹಗೇವು ಅವರು ತೂಕದ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಒಂದು ಕಾಲದಲ್ಲಿ ಖನಿಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ತೆರಿಗೆಯ ದರದ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ಆ ದರ ಬೀಳುವ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ.

ಗಣಿಯಿಂದ ಹೊರದೇಶಕ್ಕೆ ಹೋಗುವುದು ಹೆಚ್ಚಾಗಿ ಶುದ್ಧ ತಾಮ್ರವಲ್ಲ, ಅದಿರನ್ನು ಅರೆದು ತೇಲಿಸಿ ತೆಗೆದ ಬೂದುಹಸಿರು ಪುಡಿ. ಅದರಲ್ಲಿ ತಾಮ್ರ ನೂರಕ್ಕೆ ಇಪ್ಪತ್ತೈದರಿಂದ ಮೂವತ್ತರಷ್ಟಿರುತ್ತದೆ. ಉಳಿದದ್ದು ಕಬ್ಬಿಣ, ಗಂಧಕ, ಜೊತೆಗೆ ನೀರು. ಲಾರಿಯ ತೂಕವನ್ನು ವೇ ಬ್ರಿಡ್ಜ್ ಹೇಳುತ್ತದೆ, ಹಡಗಿನ ತೂಕವನ್ನು ಅದು ನೀರಿನಲ್ಲಿ ಎಷ್ಟು ಮುಳುಗಿದೆ ಎಂಬುದರಿಂದ ಲೆಕ್ಕ ಹಾಕುತ್ತಾರೆ. ಎರಡೂ ಹಸಿ ತೂಕ. ಹಣ ಕೊಡುವುದು ಒಣ ತೂಕಕ್ಕೆ. ಹೀಗಾಗಿ ರಾಶಿಯಿಂದ ಮಾದರಿ ತೆಗೆದು, ತೂಗಿ, 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ, ಎಷ್ಟು ನೀರಿತ್ತು ಎಂದು ಬರೆಯುತ್ತೇವೆ. ಒಂದು ಅಗಲವಾದ ತಟ್ಟೆ, ಒಂದು ತಕ್ಕಡಿ, ಒಂದು ಓವನ್: ಹಡಗಿನ ತುಂಬ ಇರುವ ಸರಕಿನ ಬೆಲೆ ಅಲ್ಲಿ ತೀರ್ಮಾನವಾಗುತ್ತದೆ.

ಒಮ್ಮೆ ಧೂಳು ಏಳದಿರಲೆಂದು ರಾಶಿಗೆ ನೀರು ಚಿಮುಕಿಸಿದ ಕೂಡಲೇ ಮೇಲ್ಪದರದಿಂದ ತೆಗೆದ ಮಾದರಿ ನಮ್ಮ ಮೇಜಿಗೆ ಬಂತು. ಒಣಗಿಸಿದಾಗ 11 ಶೇಕಡ ನೀರು. ನನಗೆ ಅನುಮಾನ ಬಂದು, ಹೋಗಿ ಒಂದು ಮೊಳ ಆಳದಿಂದ ಮಾದರಿ ತೆಗೆದು ನೋಡಿದರೆ 8 ಶೇಕಡ. ಮೇಲಿನವರಿಗೆ ಹೇಳಿದೆ, ಮೊದಲು ಬರೆದ ಅಂಕಿಯೇ ಇರಲಿ ಎಂಬ ಉತ್ತರ ಬಂತು. 10,000 ಟನ್ ಹಸಿ ಸರಕಿಗೆ 8 ಶೇಕಡ ನೀರಾದರೆ ಒಣ ತೂಕ 9,200 ಟನ್, 11 ಶೇಕಡವಾದರೆ 8,900. ಆ 300 ಟನ್ನಿನಲ್ಲಿ ಕಾಲುಭಾಗ ತಾಮ್ರವೆಂದರೆ 75 ಟನ್. ಟನ್ನಿಗೆ 8,000 ಡಾಲರ್ ಬೆಲೆಯಿದ್ದರೆ ಒಂದೇ ಹಡಗಿನಲ್ಲಿ 6 ಲಕ್ಷ ಡಾಲರ್ ಲೆಕ್ಕದಿಂದ ಆವಿಯಾಯಿತು.

ಸಾಮಾನ್ಯ ವ್ಯಾಪಾರದಲ್ಲಿ ಇದು ನಡೆಯುವುದು ಕಷ್ಟ. ನೀರು ಹೆಚ್ಚೆಂದು ಬರೆದರೆ ಮಾರುವವನಿಗೆ ನಷ್ಟ, ಕಡಿಮೆಯೆಂದು ಬರೆದರೆ ಕೊಳ್ಳುವವನಿಗೆ ನಷ್ಟ. ಅದಕ್ಕಾಗಿಯೇ ಎರಡೂ ಕಡೆಯವರು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ, ಹೊಂದಿಕೆಯಾಗದಿದ್ದರೆ ಮೂರನೆಯ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಾರುವವನೂ ಕೊಳ್ಳುವವನೂ ಒಂದೇ ಕಂಪನಿಯ ಎರಡು ಕೈಗಳಾಗಿದ್ದರೆ ಈ ಕಾವಲು ಹೋಗಿಬಿಡುತ್ತದೆ. ಆಗ ಜಗಳವಾಡಬೇಕಾದ ಮೂರನೆಯವನು ಸರ್ಕಾರ, ಅವನ ಬಳಿ ಓವನ್ ಇರುವುದಿಲ್ಲ.

ಇನ್ನೊಂದು ಮಾತು. ತಾಮ್ರದ ಪುಡಿಯಲ್ಲಿ ಚಿನ್ನವೂ ಇರುವುದುಂಟು. ಟನ್ನಿಗೆ 5 ಗ್ರಾಮ್ ಎಂದರೆ ಏನೂ ಅಲ್ಲವೆನ್ನಿಸಬಹುದು, ಆದರೆ 9,200 ಟನ್ನಿಗೆ ಅದು 46 ಕಿಲೋ ಚಿನ್ನ. ಚಿನ್ನಕ್ಕೆ ಪರೀಕ್ಷೆಯನ್ನೇ ಮಾಡಿಸದ ದೇಶಕ್ಕೆ ಆ 46 ಕಿಲೋ ಇತ್ತೆಂಬುದೇ ಗೊತ್ತಾಗುವುದಿಲ್ಲ.

ನೇಸರು ಬರೆದಿದ್ದಾರೆ:

ಅದಿರುಗಲ್ಲು ಅವರು ಹೇಳಿದ ‘ಒಂದೇ ಕಂಪನಿಯ ಎರಡು ಕೈಗಳು’ ಎಂಬುದೇ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಿರುವ ಜಗಳದ ತಿರುಳು. ಕಾನೂನಿನ ಭಾಷೆಯಲ್ಲಿ ಇದನ್ನು ವರ್ಗಾವಣೆ ಬೆಲೆ ಎನ್ನುತ್ತಾರೆ. ಗಣಿಯಿರುವ ದೇಶದಲ್ಲಿ ತೆರಿಗೆ ಹೆಚ್ಚು, ಮಾರಾಟದ ಕಚೇರಿಯಿರುವ ದೇಶದಲ್ಲಿ ಕಡಿಮೆ ಎಂದಾದರೆ, ಗಣಿಯಿಂದ ಮಾರಾಟದ ಕಚೇರಿಗೆ ಕಡಿಮೆ ಬೆಲೆಗೆ ಕೊಟ್ಟು, ಅಲ್ಲಿಂದ ನಿಜವಾದ ಬೆಲೆಗೆ ಮಾರಿದರೆ ಲಾಭ ಕಡಿಮೆ ತೆರಿಗೆಯ ದೇಶದಲ್ಲಿ ಕಾಣಿಸಿಕೊಳ್ಳುತ್ತದೆ.

ಜಾಂಬಿಯಾದ ಮೊಪಾನಿ ತಾಮ್ರದ ಗಣಿ ತನ್ನ ಒಡೆಯನಾಗಿದ್ದ, ಖನಿಜಗಳ ವ್ಯಾಪಾರ ಮಾಡುವ ದೊಡ್ಡ ಕಂಪನಿ ಗ್ಲೆನ್‌ಕೋರ್‌ಗೆ ಮಾರಿದ ತಾಮ್ರದ ಬೆಲೆಯನ್ನು ಅಲ್ಲಿಯ ತೆರಿಗೆ ಪ್ರಾಧಿಕಾರ ಪ್ರಶ್ನಿಸಿತು. 2006ರಿಂದ 2009ರವರೆಗಿನ ವ್ಯವಹಾರ ಅದು. ಜಾಂಬಿಯಾದ ಸುಪ್ರೀಂ ಕೋರ್ಟ್ ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟದ್ದು 2020ರ ಮೇ ತಿಂಗಳಲ್ಲಿ. ಗೆಲುವು ಸಿಕ್ಕಿತು ನಿಜ, ಆದರೆ ಹತ್ತು ವರ್ಷ ಮೀರಿದ ಮೇಲೆ. ಆಸ್ಟ್ರೇಲಿಯದಲ್ಲಿ ಬಿಎಚ್‌ಪಿ ಕಂಪನಿ ಸಿಂಗಾಪುರದ ತನ್ನ ಮಾರಾಟ ಕಚೇರಿಯ ವಿವಾದವನ್ನು 2018ರಲ್ಲಿ 52.9 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಮುಗಿಸಿಕೊಂಡಿತು. ರಿಯೋ ಟಿಂಟೋ 2022ರಲ್ಲಿ ಸುಮಾರು 100 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಅಂಥದ್ದೇ ವಿವಾದಗಳಿಂದ ಹೊರಬಂತು. ಎರಡೂ ಕಂಪನಿಗಳದ್ದು ಗುಟ್ಟಾದ ವ್ಯವಹಾರವಲ್ಲ, ಜಗತ್ತಿನ ಅತಿ ದೊಡ್ಡ ಲೆಕ್ಕಪರಿಶೋಧಕರು ನೋಡಿ ಸಹಿ ಹಾಕಿದ ಲೆಕ್ಕಗಳು.

ಸರ್ಕಾರಗಳು ಸೋತದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೆನಡಾದ ಕ್ಯಾಮೆಕೊ ಯುರೇನಿಯಂ ಕಂಪನಿ ತನ್ನ ಸ್ವಿಟ್ಜರ್ಲೆಂಡಿನ ಅಂಗಸಂಸ್ಥೆಯ ವಿಷಯದಲ್ಲಿ 2018ರಲ್ಲಿ ತೆರಿಗೆ ನ್ಯಾಯಾಲಯದಲ್ಲೂ 2020ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಆಸ್ಟ್ರೇಲಿಯದ ಕೋಬಾರ್ ಗಣಿಯ ಪ್ರಕರಣದಲ್ಲಿ ಗ್ಲೆನ್‌ಕೋರ್ 2019ರಲ್ಲಿ ಗೆದ್ದಿತು. ನ್ಯಾಯಾಲಯ ಕೇಳುವ ಪ್ರಶ್ನೆ, ಪರಸ್ಪರ ಸಂಬಂಧವಿಲ್ಲದ ಇಬ್ಬರು ಇಂಥ ಕರಾರು ಮಾಡಿಕೊಳ್ಳುತ್ತಿದ್ದರೇ ಎಂಬುದಷ್ಟೇ; ಲಾಭ ಎಲ್ಲಿ ಸೇರಬೇಕಿತ್ತು ಎಂಬ ನ್ಯಾಯದ ಪ್ರಶ್ನೆಯಲ್ಲ. ಈ ಅಂತರವೇ ನನ್ನನ್ನು ಕಾಡುತ್ತದೆ. ಅರ್ಜೆಂಟೀನಾ 2003ರಲ್ಲೇ ಒಂದು ನೇರವಾದ ದಾರಿ ಹಿಡಿಯಿತು: ಮಾರುಕಟ್ಟೆಯಲ್ಲಿ ದಿನದಿನವೂ ಬೆಲೆ ಪ್ರಕಟವಾಗುವ ಸರಕಾದರೆ, ಹಡಗಿಗೆ ತುಂಬಿದ ದಿನದ ಆ ಬೆಲೆಯೇ ತೆರಿಗೆಗೆ ಆಧಾರ. ಒಂದೇ ಕಂಪನಿಯ ಎರಡು ಕೈಗಳು ಕರಾರಿನಲ್ಲಿ ಯಾವ ಬೆಲೆ ಬರೆದುಕೊಂಡವು ಎಂದು ವಾದಿಸುವ ಗೊಡವೆಯನ್ನು ಕಡಿಮೆ ಮಾಡುವ ದಾರಿಯದು.

ಜಮಾಖರ್ಚು ಬರೆದಿದ್ದಾರೆ:

ನೇಸರು ಅವರೇ, ಆ ದಾರಿ ಲಂಡನ್ ಲೋಹದ ವಿನಿಮಯ ಕೇಂದ್ರದಲ್ಲಿ ಬೆಲೆ ಸಿಗುವ ತಾಮ್ರಕ್ಕೆ ಸರಿ. ವಜ್ರಕ್ಕೆ, ಬಾಕ್ಸೈಟಿಗೆ, ಬೇರೆಬೇರೆ ಗುಣಮಟ್ಟದ ಕಬ್ಬಿಣದ ಅದಿರಿಗೆ ಯಾವ ದಿನದ ಯಾವ ಬೆಲೆ? ಅರ್ಧ ಸಂಸ್ಕರಿಸಿದ ಪುಡಿಗೆ ಶುದ್ಧ ಲೋಹದ ಬೆಲೆಯಿಂದ ಕರಗಿಸುವ ಶುಲ್ಕ, ಶುದ್ಧೀಕರಿಸುವ ಶುಲ್ಕ, ಸಾಗಣೆ ಎಲ್ಲವನ್ನೂ ಕಳೆಯಲೇಬೇಕಲ್ಲ. ಮಾರಾಟದ ಕಚೇರಿಗಳು ಬರೀ ಅಂಚೆಪೆಟ್ಟಿಗೆಗಳಲ್ಲ. ಕೊಳ್ಳುವವರನ್ನು ಹುಡುಕುವುದು, ಹಡಗು ಗೊತ್ತುಮಾಡುವುದು, ಬೆಲೆಯ ಏರಿಳಿತದ ಅಪಾಯ ಹೊರುವುದು ನಿಜವಾದ ಕೆಲಸವೇ. ಆ ಕೆಲಸಕ್ಕೆ ಎಷ್ಟು ಕೂಲಿ ನ್ಯಾಯ ಎಂಬುದಷ್ಟೇ ವಿವಾದ.

ಆದರೆ ಅದಿರುಗಲ್ಲು ಅವರು ಬರೆದ ತೇವಾಂಶದ ಪ್ರಸಂಗಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ನಾನು ನೋಡಿದ ಲೆಕ್ಕಗಳಲ್ಲಿ ಒಣ ತೂಕವೆಂದು ಬರೆದಿದ್ದ ಅಂಕಿಯನ್ನು ಯಾವತ್ತೂ ಪ್ರಶ್ನಿಸಿರಲಿಲ್ಲ. ಪ್ರಮಾಣಪತ್ರವಿದೆ ಎಂದರೆ ನಮ್ಮ ಕೆಲಸ ಮುಗಿದಂತೆ ಎಂದುಕೊಂಡಿದ್ದೆವು.

ಮಣ್ಣಿನಮಾತು ಬರೆದಿದ್ದಾರೆ:

ತೂಕ ಮತ್ತು ಬೆಲೆಯ ಮಾತಾಯಿತು, ಖರ್ಚಿನ ಮಾತು ಉಳಿದಿದೆ. ಅದರಲ್ಲೂ ಬಡ್ಡಿ. ಗಣಿಗೆ ಬೇಕಾದ ಬಂಡವಾಳವನ್ನು ಮೂಲ ಕಂಪನಿ ಷೇರಿನ ರೂಪದಲ್ಲಿ ಹಾಕದೆ ತನ್ನದೇ ಅಂಗಸಂಸ್ಥೆಗೆ ಸಾಲವಾಗಿ ಕೊಡುತ್ತದೆ. ಷೇರಿಗೆ ಕೊಡುವ ಲಾಭಾಂಶ ತೆರಿಗೆಯ ನಂತರ, ಸಾಲಕ್ಕೆ ಕೊಡುವ ಬಡ್ಡಿ ತೆರಿಗೆಗೆ ಮೊದಲು. 80 ಕೋಟಿ ಡಾಲರ್ ಸಾಲಕ್ಕೆ ಹೊರಗೆ 6 ಶೇಕಡ ಬಡ್ಡಿ ಸಿಗುವಲ್ಲಿ 12 ಶೇಕಡ ಬರೆದರೆ ವರ್ಷಕ್ಕೆ 4.8 ಕೋಟಿ ಹೆಚ್ಚುವರಿ ಖರ್ಚು; 30 ಶೇಕಡ ತೆರಿಗೆಯ ದೇಶಕ್ಕೆ ಅದರಿಂದ ವರ್ಷಕ್ಕೆ 1.44 ಕೋಟಿ ಡಾಲರ್ ನಷ್ಟ. ಒಂದು ಗ್ರಾಮ್ ಅದಿರನ್ನೂ ಕದಿಯದೆ, ಒಂದು ಕಾಗದವನ್ನೂ ತಿದ್ದದೆ ಆಗುವ ನಷ್ಟವಿದು.

ಸರ್ಕಾರವೇ ಪಾಲುದಾರನಾದರೂ ಇದರಿಂದ ಪಾರಾಗುವುದು ಸುಲಭವಲ್ಲ. ಮಂಗೋಲಿಯಾದ ಓಯು ತೊಲ್ಗೊಯ್ ತಾಮ್ರ ಮತ್ತು ಚಿನ್ನದ ಗಣಿಯಲ್ಲಿ ಆ ದೇಶದ ಸರ್ಕಾರಕ್ಕೆ 34 ಶೇಕಡ ಪಾಲಿದೆ. ಆದರೆ ಆ ಪಾಲಿನ ಬಂಡವಾಳವನ್ನು ಕಂಪನಿಯ ಕಡೆಯಿಂದ ಸಾಲವಾಗಿ ಪಡೆದದ್ದರಿಂದ, ಬಡ್ಡಿ ಬೆಳೆದು ಬೆಳೆದು, ಲಾಭಾಂಶ ಕೈಗೆ ಬರುವ ದಿನವೇ ಕಾಣದಂತಾಯಿತು. ಕೊನೆಗೆ 2022ರ ಜನವರಿಯಲ್ಲಿ 240 ಕೋಟಿ ಡಾಲರಿನ ಆ ಸಾಲವನ್ನು ಗಣಿ ನಡೆಸುವ ರಿಯೋ ಟಿಂಟೋ ಕಡೆಯವರು ಮನ್ನಾ ಮಾಡಿದ ಮೇಲೆಯೇ ನೆಲದಡಿಯ ಗಣಿಯ ಕೆಲಸ ಮುಂದುವರಿಯಿತು. ಷೇರು ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ ಎಂಬುದನ್ನು ಆ ದೇಶ ದುಬಾರಿಯಾಗಿ ಕಲಿಯಿತು.

ಇನ್ನು ಗಣಿ ಮುಚ್ಚಿದ ಮೇಲಿನ ಖರ್ಚು. ಜಮಾಖರ್ಚು ಅವರು ಪರಿಶೋಧನೆಯ ಅಪಾಯವನ್ನು ಹೇಳಿದರು, ಸರಿ. ಕೊನೆಯ ಅಪಾಯವನ್ನು ಯಾರು ಹೊರುತ್ತಾರೆ? ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಚಿನ್ನದ ಗಣಿಯ ಒಡೆತನದ ಕಂಪನಿ 1999ರಲ್ಲಿ ದಿವಾಳಿಯಾಯಿತು. ಗಣಿಯ ಕೆಳಗೆ 2,37,000 ಟನ್ ಆರ್ಸೆನಿಕ್ ವಿಷದ ಪುಡಿ ಉಳಿದಿದೆ. ಅದು ನೀರಿಗೆ ಸೇರದಂತೆ ನೆಲವನ್ನೇ ಹೆಪ್ಪುಗಟ್ಟಿಸಿ ಕಾಯುವ ಯೋಜನೆಗೆ 438 ಕೋಟಿ ಕೆನಡಿಯನ್ ಡಾಲರ್ ಅಂದಾಜಾಗಿದೆ, ಕೊಡುವವರು ತೆರಿಗೆದಾರರು. ಆ ಗಣಿ ದಶಕಗಳ ಕಾಲ ಕಟ್ಟಿದ ತೆರಿಗೆ ಮತ್ತು ರಾಜಧನವನ್ನು ‘ನ್ಯಾಯವಾದ ಪಾಲು’ ಎಂದು ಅಳೆಯುವಾಗ ಈ ಮೊತ್ತವನ್ನು ಇನ್ನೊಂದು ತಟ್ಟೆಯಲ್ಲಿ ಇಡದೆ ಹೋದರೆ ಆ ಅಳತೆಗೆ ಅರ್ಥವಿಲ್ಲ.

ಚಿಲುಮೆ ಬರೆದಿದ್ದಾರೆ:

ಎಲ್ಲರ ಬರಹಗಳನ್ನೂ ಓದಿದೆ. ನನ್ನ ಪ್ರಶ್ನೆ ಸಾಮಾನ್ಯವಾದದ್ದು. ಬೆಲೆ, ಲಾಭ, ಬಡ್ಡಿ ಎಲ್ಲವನ್ನೂ ತಿರುಚಬಹುದಾದರೆ, ಟನ್ನಿಗೆ ಇಷ್ಟು ಹಣವೆಂದು ನಿಗದಿಮಾಡಿ, ಗೇಟಿನಲ್ಲೇ ವಸೂಲು ಮಾಡಬಾರದೇಕೆ? ತೂಕವೊಂದನ್ನು ಕಾದರೆ ಸಾಕಲ್ಲವೇ?

ಹಗೇವು ಬರೆದಿದ್ದಾರೆ:

ಚಿಲುಮೆ ಅವರೇ, ಅದನ್ನು ಮಾಡಿ ನೋಡಿದ್ದಾರೆ. ಭಾರತದಲ್ಲಿ 2009ರವರೆಗೆ ಕಬ್ಬಿಣದ ಅದಿರಿನ ರಾಜಧನ ಹಾಗೆಯೇ ಇತ್ತು: ಗುಣಮಟ್ಟಕ್ಕೆ ತಕ್ಕಂತೆ ಟನ್ನಿಗೆ ಇಷ್ಟೆಂದು, ಹೆಚ್ಚೆಂದರೆ 27 ರೂಪಾಯಿ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದಾಗಲೂ ಪ್ರಜೆಗಳಿಗೆ ಸಿಕ್ಕಿದ್ದು ಆ 27 ರೂಪಾಯಿಯೇ. ಕೊನೆಗೆ 2009ರ ಆಗಸ್ಟ್‌ನಲ್ಲಿ ಬೆಲೆಯ 10 ಶೇಕಡ ಎಂದು, 2014ರಲ್ಲಿ 15 ಶೇಕಡ ಎಂದು ಬದಲಾಯಿಸಲಾಯಿತು. ತೂಕಕ್ಕೆ ಕಟ್ಟಿದ ದರ ಬೆಲೆ ಏರಿದಾಗ ಪ್ರಜೆಗಳಿಗೆ ಮೋಸ, ಬೆಲೆ ಕುಸಿದಾಗ ಕಂಪನಿಗೆ ಹೊರೆ. ಜೊತೆಗೆ ಗುಣಮಟ್ಟಕ್ಕೊಂದು ದರವಿದ್ದಾಗ ಒಳ್ಳೆಯ ಅದಿರನ್ನು ಕಳಪೆಯೆಂದು ಬರೆಸುವ ಆಸೆಯೂ ಹುಟ್ಟುತ್ತದೆ. ಅಲ್ಲಿಗೆ ಮತ್ತೆ ಅದಿರುಗಲ್ಲು ಅವರ ಪ್ರಯೋಗಾಲಯಕ್ಕೇ ಬಂದು ನಿಲ್ಲುತ್ತೇವೆ.

ಲಾಭ ಹೆಚ್ಚಾದಂತೆ ದರವೂ ತಾನಾಗಿ ಏರುವ ವ್ಯವಸ್ಥೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಬೋಟ್ಸ್‌ವಾನಾದ ಸೂತ್ರವನ್ನು ಒಮ್ಮೆ ನೋಡಿ: ಎಪ್ಪತ್ತರಿಂದ, ಸಾವಿರದ ಐನೂರನ್ನು ಲಾಭದ ಶೇಕಡಾವಾರಿನಿಂದ ಭಾಗಿಸಿ ಬಂದದ್ದನ್ನು ಕಳೆಯಬೇಕು. ನೂರು ರೂಪಾಯಿ ಮಾರಾಟದಲ್ಲಿ ಐವತ್ತು ಲಾಭವಾದರೆ 1500ನ್ನು 50ರಿಂದ ಭಾಗಿಸಿ 30, ಅದನ್ನು 70ರಿಂದ ಕಳೆದರೆ ತೆರಿಗೆಯ ದರ 40 ಶೇಕಡ. ಲಾಭ ಎಪ್ಪತ್ತೈದಾದರೆ ದರ 50. ಎಷ್ಟೇ ಕಡಿಮೆ ಲಾಭವಿದ್ದರೂ 22ಕ್ಕಿಂತ ಕೆಳಗಿಳಿಯದು. ಬೆಲೆ ಏರಿದಾಗ ಹೊಸ ಕಾನೂನು ಬೇಡ, ಇಳಿದಾಗ ಹಿಂದೆ ಸರಿಯುವ ಅವಮಾನವೂ ಇಲ್ಲ. ವಜ್ರದ ಗಣಿಗಳಲ್ಲಂತೂ ಆ ದೇಶ 1975ರಿಂದ ಡಿ ಬಿಯರ್ಸ್ ಜೊತೆಗೆ ಅರ್ಧಕ್ಕರ್ಧ ಪಾಲುದಾರ. ಚಿಲಿ ದೇಶ 2024ರಿಂದ ಎರಡನ್ನೂ ಬೆರೆಸಿದೆ: ದೊಡ್ಡ ತಾಮ್ರದ ಗಣಿಗಳಿಗೆ ಮಾರಾಟದ ಮೇಲೆ 1 ಶೇಕಡ, ಜೊತೆಗೆ ಲಾಭದ ಪ್ರಮಾಣಕ್ಕೆ ತಕ್ಕಂತೆ 8ರಿಂದ 26 ಶೇಕಡ, ಒಟ್ಟು ಹೊರೆ 46.5 ಶೇಕಡ ಮೀರದಂತೆ ಮಿತಿ. ಜಮಾಖರ್ಚು ಅವರು ಕೇಳಿದ ನಿಶ್ಚಿತತೆ ಆ ಮಿತಿಯಲ್ಲಿ ಇದೆ.

ಆದರೆ ಸೂತ್ರ ಚೆನ್ನಾಗಿದ್ದರೂ ಕಳೆಯುವ ಖರ್ಚಿನ ಪಟ್ಟಿಯಲ್ಲಿ ಸೋಲಬಹುದು. ಆಸ್ಟ್ರೇಲಿಯದಲ್ಲಿ 2010ರ ಮೇ ತಿಂಗಳಲ್ಲಿ ಕೆವಿನ್ ರಡ್ ಸರ್ಕಾರ ಗಣಿಗಳ ಅತಿಲಾಭದ ಮೇಲೆ 40 ಶೇಕಡ ತೆರಿಗೆಯನ್ನು ಪ್ರಕಟಿಸಿತು. ಗಣಿ ಉದ್ಯಮ ದೇಶದ ತುಂಬ ಜಾಹೀರಾತು ಹಾಕಿ ವಿರೋಧಿಸಿತು, ಜೂನ್ ಮುಗಿಯುವುದರೊಳಗೆ ರಡ್ ಅವರೇ ಪ್ರಧಾನಿಯ ಸ್ಥಾನ ಕಳೆದುಕೊಂಡರು. ನಂತರ ಬಂದ ಜೂಲಿಯಾ ಗಿಲಾರ್ಡ್ ದೊಡ್ಡ ಕಂಪನಿಗಳೊಡನೆ ಕುಳಿತು ಮಾಡಿದ ಹೊಸ ತೆರಿಗೆ 2012ರ ಜುಲೈನಿಂದ ಜಾರಿಗೆ ಬಂತು. ಅದರಲ್ಲಿ ಹಳೆಯ ಗಣಿಗಳ ಬೆಲೆಯನ್ನು ಮಾರುಕಟ್ಟೆಯ ದರದಲ್ಲಿ ಲೆಕ್ಕಹಾಕಿ ಖರ್ಚಾಗಿ ಕಳೆಯಲು ಅವಕಾಶವಿತ್ತು, ರಾಜ್ಯಗಳಿಗೆ ಕಟ್ಟಿದ ರಾಜಧನವನ್ನೂ ಕಳೆಯಬಹುದಾಗಿತ್ತು. ಮೊದಲ ಆರು ತಿಂಗಳಲ್ಲಿ ಬಂದ ಹಣ 12.6 ಕೋಟಿ ಡಾಲರ್ ಮಾತ್ರ. ನೂರಾರು ಕೋಟಿಗಳ ನಿರೀಕ್ಷೆಯಿತ್ತು. 2014ರಲ್ಲಿ ಅದನ್ನು ರದ್ದುಮಾಡಲಾಯಿತು.

ನೇಸರು ಬರೆದಿದ್ದಾರೆ:

ರಾಜಧನ ಸರಕಿನ ಬೆಲೆ, ತೆರಿಗೆಯಲ್ಲ ಎಂದು ಹಗೇವು ಅವರು ಮೊದಲಿಗೇ ಬರೆದದ್ದು ಕಾನೂನಿನಲ್ಲಿ ಎಷ್ಟು ಭಾರದ ಮಾತು ಎಂಬುದನ್ನು ಸೇರಿಸುತ್ತೇನೆ. ಭಾರತದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲಿ ರಾಜಧನವೂ ತೆರಿಗೆಯೇ ಎಂದಿತ್ತು. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು ಮತ್ತು ಒಂದರ ಬಹುಮತದಿಂದ ಅದನ್ನು ತಳ್ಳಿಹಾಕಿ, ರಾಜಧನ ಗುತ್ತಿಗೆಯ ಕರಾರಿನಿಂದ ಹುಟ್ಟುವ ಹಣ, ಖನಿಜದ ಹಕ್ಕಿನ ಮೇಲೆ ಬೇರೆಯಾಗಿ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಆತಂಕವನ್ನೂ ಹಗುರವಾಗಿ ನೋಡುವಂತಿಲ್ಲ: ರಾಜ್ಯರಾಜ್ಯಗಳು ತೆರಿಗೆಯಲ್ಲಿ ಪೈಪೋಟಿಗಿಳಿದರೆ ಖನಿಜಗಳ ಅಭಿವೃದ್ಧಿ ದಾರಿತಪ್ಪಬಹುದು ಎಂಬುದು ಅದರ ಸಾರ. 2005ರ ಏಪ್ರಿಲ್ 1ರಿಂದೀಚಿನ ಬಾಕಿಯನ್ನು ಕೇಳಬಹುದು, ಆದರೆ 2026ರ ಏಪ್ರಿಲ್‌ನಿಂದ ಹನ್ನೆರಡು ವರ್ಷಗಳ ಕಂತುಗಳಲ್ಲಿ ಎಂದು ಆಗಸ್ಟ್‌ನಲ್ಲಿ ಕೋರ್ಟ್ ಹೇಳಿತು.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕ. ಅಲ್ಲಿ 1872ರ ಗಣಿ ಕಾನೂನು ಇಂದಿಗೂ ಜಾರಿಯಲ್ಲಿದ್ದು, ಕೇಂದ್ರ ಸರ್ಕಾರದ ನೆಲದಿಂದ ಚಿನ್ನ, ಬೆಳ್ಳಿ, ತಾಮ್ರ ತೆಗೆದವರು ಆ ಸರ್ಕಾರಕ್ಕೆ ರಾಜಧನವನ್ನೇ ಕೊಡಬೇಕಿಲ್ಲ. 1994ರಲ್ಲಿ ಒಂದು ಕಂಪನಿ 10,000 ಡಾಲರಿಗೂ ಕಡಿಮೆ ಹಣಕ್ಕೆ ನೆವಾಡಾದ ನೆಲವೊಂದರ ಹಕ್ಕುಪತ್ರ ಪಡೆಯಿತು. ಆ ನೆಲದಡಿಯಲ್ಲಿ ಇದ್ದದ್ದು ಅಂದಾಜು 1,000 ಕೋಟಿ ಡಾಲರ್ ಬೆಲೆಯ ಚಿನ್ನ. ಸಹಿ ಹಾಕಿದ ಸಚಿವರು ಆ ಕಾನೂನನ್ನು ಬಹಿರಂಗವಾಗಿ ಖಂಡಿಸುತ್ತಲೇ, ಕಾನೂನಿನ ಕಟ್ಟಿಗೆ ಸಿಕ್ಕಿ ಸಹಿ ಹಾಕಿದರು. ಆ ಕಂಪನಿ ಕಟ್ಟಬೇಕಾದದ್ದನ್ನೆಲ್ಲ ಕಟ್ಟಿದೆ ಎಂದರೂ ಅದು ನ್ಯಾಯವಾದ ಪಾಲು ಎಂದು ನನಗೆ ಒಪ್ಪಲಾಗುವುದಿಲ್ಲ.

ಜಮಾಖರ್ಚು ಬರೆದಿದ್ದಾರೆ:

ಇದನ್ನು ನಾನೂ ಒಪ್ಪುವುದಿಲ್ಲ. ಆದರೆ ಆ ತಪ್ಪು ಶಾಸನಸಭೆಯದ್ದು. ಇನ್ನೊಂದು ತುದಿಯ ಉದಾಹರಣೆಯೂ ನಮ್ಮ ಮುಂದಿರಲಿ. ತಾಂಜಾನಿಯಾ 2017ರಲ್ಲಿ ಅಕೇಸಿಯಾ ಚಿನ್ನದ ಕಂಪನಿಗೆ ಹಳೆಯ ಬಾಕಿ, ದಂಡ, ಬಡ್ಡಿ ಸೇರಿಸಿ 19,000 ಕೋಟಿ ಡಾಲರ್ ಕಟ್ಟಲು ಹೇಳಿತು. ಅದು ಆ ದೇಶದ ಇಡೀ ವರ್ಷದ ಉತ್ಪನ್ನಕ್ಕಿಂತ ಹಲವು ಪಟ್ಟು ಹೆಚ್ಚು. ಕೊನೆಗೆ ಒಪ್ಪಂದವಾದದ್ದು 30 ಕೋಟಿ ಡಾಲರಿಗೆ, ಗಣಿಗಳಲ್ಲಿ ಸರ್ಕಾರಕ್ಕೆ 16 ಶೇಕಡ ಪಾಲಿಗೆ, ಮತ್ತು ಮುಂದಿನ ಆರ್ಥಿಕ ಲಾಭವನ್ನು ಸಮವಾಗಿ ಹಂಚಿಕೊಳ್ಳುವುದಕ್ಕೆ. ಒಪ್ಪಂದ ಆ ದೇಶಕ್ಕೆ ಒಳ್ಳೆಯದೇ ಆಯಿತೆನ್ನಿ. ಆದರೆ ನಂಬಲಾಗದ ಅಂಕಿಯಿಂದ ಆರಂಭಿಸಿದರೆ ನಿಜವಾದ ಬಾಕಿ ಎಷ್ಟಿತ್ತು ಎಂಬುದು ಇಬ್ಬರಿಗೂ ತಿಳಿಯದೇ ಹೋಗುತ್ತದೆ.

ಪಾರದರ್ಶಕತೆಯ ವಿಷಯದಲ್ಲಿ ನಾನು ಮೊದಲಿಗಿಂತ ಮುಂದೆ ಬಂದಿದ್ದೇನೆ. ರಿಯೋ ಟಿಂಟೋ 2010ರಿಂದ ತಾನು ದೇಶದೇಶಗಳಿಗೆ ಕಟ್ಟಿದ ತೆರಿಗೆಯ ವರದಿಯನ್ನು ತಾನಾಗಿಯೇ ಪ್ರಕಟಿಸುತ್ತಿದೆ. ಗಣಿ, ಎಣ್ಣೆ, ಅನಿಲದಿಂದ ಸರ್ಕಾರಗಳಿಗೆ ಬಂದ ಹಣವನ್ನು ಪ್ರಕಟಿಸುವಂತೆ ಮಾಡುವ, ಓಸ್ಲೋದಿಂದ ನಡೆಯುವ ಇಐಟಿಐ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ. 2021ರಿಂದ ಹೊಸ ಗಣಿ ಒಪ್ಪಂದಗಳನ್ನು ಪ್ರಕಟಿಸುವುದನ್ನು ಅದು ಕಡ್ಡಾಯ ಮಾಡಿದೆ. ಆದರೆ ಈ ವರದಿಗಳು ಕಟ್ಟಿದ ಹಣವನ್ನು ಹೇಳುತ್ತವೆಯೇ ಹೊರತು, ಆ ಹಣ ಯಾವ ಒಣ ತೂಕದಿಂದ, ಯಾವ ಬೆಲೆಯಿಂದ ಹುಟ್ಟಿತು ಎಂಬುದನ್ನು ಪ್ರತಿ ಸರಕಿಗೂ ಹೇಳುವುದಿಲ್ಲ. ವ್ಯಾಪಾರದ ಗುಟ್ಟು ಎಂಬ ವಾದವನ್ನು ನಾನೇ ಎಷ್ಟೋ ಸಭೆಗಳಲ್ಲಿ ಮಂಡಿಸಿದ್ದೇನೆ. ಕೊಳ್ಳುವವನು ತನ್ನದೇ ಅಂಗಸಂಸ್ಥೆಯಾದಾಗ ಆ ಗುಟ್ಟು ಯಾರಿಂದ ಎಂದು ಈಗ ಯೋಚಿಸುತ್ತಿದ್ದೇನೆ. ಅತಿಲಾಭದ ಮೇಲಿನ ದಿಢೀರ್ ತೆರಿಗೆಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಮೊದಲಿನದೇ.

ಚಿಲುಮೆ ಬರೆದಿದ್ದಾರೆ:

ಅದಿರುಗಲ್ಲು ಅವರೇ, ತೂಕ ಸರಿಯಾಗಿ ಸಿಕ್ಕಿತು, ಮಾರುಕಟ್ಟೆಯ ಬೆಲೆಯೂ ಪ್ರಕಟವಾಗಿದೆ ಎಂದಿಟ್ಟುಕೊಳ್ಳೋಣ. ಆಮೇಲೂ ಜಾರಿಕೊಳ್ಳುವ ಜಾಗ ಉಳಿಯುತ್ತದೆಯೇ?

ಅದಿರುಗಲ್ಲು ಬರೆದಿದ್ದಾರೆ:

ಉಳಿಯುತ್ತದೆ. ಯಾವ ತಿಂಗಳ ಬೆಲೆ ಎಂಬುದು. ಹಡಗಿಗೆ ತುಂಬಿದ ತಿಂಗಳ ಸರಾಸರಿ ಬೆಲೆಯೇ, ಅಥವಾ ಮೂರು ತಿಂಗಳ ನಂತರದ್ದೇ ಎಂಬ ಆಯ್ಕೆಯನ್ನು ಕರಾರಿನಲ್ಲಿ ಕೊಳ್ಳುವವನಿಗೆ ಬಿಟ್ಟಿರುತ್ತಾರೆ. ಆಯ್ಕೆಯನ್ನು ಮೊದಲೇ ಹೇಳಬೇಕಾದರೆ ಅದು ಜೂಜು, ಯಾರಿಗಾದರೂ ಲಾಭವಾಗಬಹುದು. ಬೆಲೆ ಗೊತ್ತಾದ ಮೇಲೆ ಹೇಳಬಹುದಾದರೆ ಕೊಳ್ಳುವವನು ಕಡಿಮೆಯದನ್ನೇ ಆರಿಸುತ್ತಾನೆ. ನೇಸರು ಅವರು ಹೇಳಿದ ಕೋಬಾರ್ ಗಣಿಯ ಪ್ರಕರಣದಲ್ಲಿ ಇದೇ ಅಂಶದ ಮೇಲೆ ವಾದ ನಡೆಯಿತು. ಸಂಬಂಧವಿಲ್ಲದ ವ್ಯಾಪಾರಿಗಳೂ ಇಂಥ ಕರಾರು ಮಾಡಿಕೊಳ್ಳುತ್ತಾರೆ ಎಂದು ನ್ಯಾಯಾಲಯ ಒಪ್ಪಿತು. ಇರಬಹುದು. ಆದರೆ ಸಂಬಂಧವಿಲ್ಲದ ಮಾರಾಟಗಾರ ಆ ಸೌಲಭ್ಯಕ್ಕೆ ಪ್ರತಿಯಾಗಿ ಶುಲ್ಕದಲ್ಲೋ ಸಾಗಣೆಯಲ್ಲೋ ಏನನ್ನಾದರೂ ಪಡೆಯುತ್ತಾನೆ. ತೆರಿಗೆಯ ಅಧಿಕಾರಿ ಅಲ್ಲಿ ಏನು ಪಡೆದರು ಎಂದು ಕೇಳಬೇಕು.

ಹೀಗಾಗಿ ನಾನು ಅಧಿಕಾರಿಯಾಗಿದ್ದರೆ ವರ್ಷದ ಕೊನೆಯ ಲಾಭನಷ್ಟದ ಪಟ್ಟಿಯನ್ನು ಮೊದಲು ತೆರೆಯುತ್ತಿರಲಿಲ್ಲ. ಒಂದು ಹಡಗನ್ನು ಆರಿಸಿಕೊಂಡು ಅದರ ಹಸಿ ತೂಕ, ಮಾದರಿಯನ್ನು ರಾಶಿಯ ಯಾವ ಆಳದಿಂದ ಯಾರ ಎದುರಿಗೆ ತೆಗೆದರು, ನೀರೆಷ್ಟು, ತಾಮ್ರವೆಷ್ಟು, ಚಿನ್ನ ನೋಡಿದರೇ, ಯಾವ ತಿಂಗಳ ಬೆಲೆಯನ್ನು ಯಾವ ದಿನ ಆರಿಸಿದರು ಎಂದು ಕೇಳುತ್ತಿದ್ದೆ. ಅಂದು ನಾನು ಒಂದು ಮೊಳ ಆಳದಿಂದ ತೆಗೆದ ಮಾದರಿಯ ಚೀಟಿ ಬಹಳ ದಿನ ನನ್ನ ಮೇಜಿನ ಖಾನೆಯಲ್ಲಿತ್ತು. ಅದನ್ನು ಕೇಳಿಕೊಂಡು ಯಾವ ತೆರಿಗೆ ಅಧಿಕಾರಿಯೂ ಬರಲಿಲ್ಲ.